ಉಣ್ಣದವನು ಉಣಿಸಬಹುದೇ?

ರಾತ್ರಿಭೋಜನ ತ್ಯಾಗದ ವ್ರತ ಹಿಡಿದವನು, ಸೂರ್ಯಾಸ್ತದ ತರುವಾಯ ಇತರರು ಉಂಡ ಊಟಕ್ಕೆ ಹಣ ತೆತ್ತರೆ ಅವನ ವ್ರತಕ್ಕೆ ಅತಿಚಾರ ತಟ್ಟುವುದೇ? ಈ ಪ್ರಶ್ನೆ ನನಗೆ ಶಾಸ್ತ್ರಸಭೆಯಲ್ಲಿ ಎದುರಾದದ್ದಲ್ಲ. ಗಂಗಾವತಿಯ ಒಂದು ಸಾಧಾರಣ ಹೋಟೆಲಿನಲ್ಲಿ, ಹನ್ನೊಂದು ವರ್ಷದ ಮೊಮ್ಮಗನ ಬಾಯಿಂದ ಬಂದದ್ದು. ನಮ್ಮ ಮನೆಗಳಲ್ಲಿ ಈಗ ಮೇಲಿಂದ ಮೇಲೆ ಒದಗುವ ಪ್ರಸಂಗವಾದುದರಿಂದ ಧರ್ಮಬಂಧುಗಳ ಮುಂದೆ ಇಡುತ್ತಿದ್ದೇನೆ.

ನಾನು ಈ ವ್ರತ ಸ್ವೀಕರಿಸಿದ್ದು 1993ರ ಡಿಸೆಂಬರಿನಲ್ಲಿ, ಮಹಾಮಸ್ತಕಾಭಿಷೇಕಕ್ಕೆಂದು ಶ್ರವಣಬೆಳಗೊಳಕ್ಕೆ ಹೋಗಿದ್ದಾಗ, ಮುನಿಮಹಾರಾಜರ ಸನ್ನಿಧಿಯಲ್ಲಿ. ಶಾಲೆಯ ಕೆಲಸದಲ್ಲಿದ್ದಷ್ಟು ಕಾಲ ಅದನ್ನು ಪಾಲಿಸುವುದು ಕಷ್ಟವೆನಿಸಲಿಲ್ಲ. ಮನೆಯ ಒಲೆ ನನ್ನ ಗಡಿಯಾರವನ್ನು ಅನುಸರಿಸುತ್ತಿತ್ತು. ಕಳೆದ ಕಾರ್ತಿಕ ಮಾಸದ ಕೊನೆಯಲ್ಲಿ ಹುಬ್ಬಳ್ಳಿಯಿಂದ ಹಿರಿಯ ಮಗ ಸಂಸಾರಸಮೇತ ಕೊಪ್ಪಳಕ್ಕೆ ಬಂದನು. ಮೊಮ್ಮಗನು ಪರೀಕ್ಷೆಯಲ್ಲಿ ಮುಂದೆ ಬಂದರೆ ಎಲ್ಲರಿಗೂ ಹೋಟೆಲಿನಲ್ಲಿ ಊಟ ಕೊಡಿಸುವೆನೆಂದು ನಾನು ಮಾತು ಕೊಟ್ಟಿದ್ದೆ. ಆನೆಗೊಂದಿ ನೋಡಿಕೊಂಡು ಗಂಗಾವತಿಗೆ ಬಂದಾಗ ನಾಲ್ಕೂವರೆ ಗಂಟೆ. ಆ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ಸೂರ್ಯ ಮುಳುಗುವುದು 5 ಗಂಟೆ 50 ನಿಮಿಷದ ಸುಮಾರಿಗೆ. ಅದಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಯಬೇಕು. ಹೋಟೆಲಿನವನು, “ಊಟ ಏಳರ ಮ್ಯಾಲೆ ರೀ, ಈಗ ಬರೇ ನಾಷ್ಟಾ” ಎಂದನು. ಇದ್ದದ್ದು ಮಿರ್ಚಿ ಭಜಿ, ಉಳ್ಳಾಗಡ್ಡಿ ಹಾಕಿದ ಒಗ್ಗರಣಿ. ನಾನು ಚೀಲದಲ್ಲಿದ್ದ ಎರಡು ಬಾಳೆಹಣ್ಣು ತಿಂದು, ಮನೆಯಿಂದ ತಂದ ಸೋಸಿದ ನೀರು ಕುಡಿದು ಮುಗಿಸಿದೆ. ಉಳಿದವರು ಏಳರವರೆಗೆ ಕಾಯ್ದರು.

ಮಾಣಿ ಬಹು ಮರ್ಯಾದೆಯಿಂದ, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ ಜೈನ ಊಟ ಮಾಡಿಸಿಕೊಡುವುದಾಗಿ ಹೇಳಿದನು. ಜೈನ ಊಟವೆಂದರೆ ಇಷ್ಟೇ ಎಂದು ಹೋಟೆಲಿನವರು ತಿಳಿದಿದ್ದರೆ ದೋಷ ಅವರದಲ್ಲ. ಕಂದಮೂಲದ ಮಾತನ್ನು ನಾವು ಅವರಿಗೆ ಕಲಿಸಿದ್ದೇವೆ, ಹೊತ್ತಿನ ಮಾತನ್ನು ಕಲಿಸಿಲ್ಲ.

ಗಂಗಾವತಿಯ ಭತ್ತದ ಬಯಲನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಇಲ್ಲಿ ಭತ್ತ ಬೆಳೆಯಿತು, ಭತ್ತದೊಡನೆ ಜಿಗಿಹುಳುವೂ ಬೆಳೆಯಿತು. ಪೈರು ಮಾಗುವ ದಿನಗಳಲ್ಲಿ ದೀಪ ಹೊತ್ತಿಸಿದರೆ ಸಾಕು, ಅವು ಹಿಂಡುಹಿಂಡಾಗಿ ಬಂದು ಮುತ್ತುತ್ತವೆ. ಮೇಜಿನ ಮೇಲೆ, ಸಾರಿನ ಬಟ್ಟಲಿನಲ್ಲಿ, ಮಗುವಿನ ಅನ್ನದ ಮೇಲೆ ಬಿದ್ದು ಒದ್ದಾಡಿದವು. ಮಾಣಿ ದೀಪದ ಕೆಳಗೆ ಒಂದು ಬೋಗುಣಿ ನೀರಿಟ್ಟನು. ನೀರಿನ ಮೇಲ್ಭಾಗ ಕ್ಷಣದಲ್ಲಿ ಕಪ್ಪಾಯಿತು. ಅವನು ಹಾಗೆ ಮಾಡಿದ್ದು ನಮ್ಮ ಊಟ ಸುಖವಾಗಿ ನಡೆಯಲೆಂದು. ವಿದ್ಯುದ್ದೀಪವಿರುವಾಗ ರಾತ್ರಿಗೂ ಹಗಲಿಗೂ ಏನು ಭೇದವೆಂದು ಮಗನು ಹಿಂದೆ ನನ್ನೊಡನೆ ವಾದಿಸಿದ್ದುಂಟು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದೀಪದ ಆಕ್ಷೇಪವನ್ನು ಎತ್ತಿಕೊಂಡೇ ಉತ್ತರಿಸಿದ್ದಾರೆ: ದೀಪ ಹೊತ್ತಿಸಿದರೂ ಆಹಾರದಲ್ಲಿ ಬೆರೆತ ಸೂಕ್ಷ್ಮಜೀವಿಗಳ ಹಿಂಸೆ ತಪ್ಪದು. ಆ ಬೋಗುಣಿಯನ್ನು ಕಂಡ ಮೇಲೆ ಮಗನು ವಾದಿಸಲಿಲ್ಲ, ನಾನೂ ಬೋಧಿಸಲಿಲ್ಲ.

ಊಟದ ಲೆಕ್ಕ 1,380 ರೂಪಾಯಿ ಆಯಿತು. ಮಗ ಕೈ ಅಡ್ಡ ಹಿಡಿದರೂ ಕೇಳದೆ ನಾನೇ ಕೊಟ್ಟೆ. ಹೊರಗೆ ಬರುತ್ತಲೇ ಮೊಮ್ಮಗ, “ಅಜ್ಜಾ, ನೀವು ಉಣ್ಣಲಿಲ್ಲ ಖರೆ, ನಿಮ್ಮ ರೊಕ್ಕ ಉಂಡ್ತಲ್ರೀ?” ಎಂದನು. ಸೊಸೆ ಅವನನ್ನು ಗದರಿಸಿದಳು. ಗದರಿಸಬೇಕಾದ ಮಾತೇನೂ ಅದಾಗಿರಲಿಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುವುದೂ ಇದನ್ನೇ ಅಲ್ಲವೇ? ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108. ಜಪಮಾಲೆ ಎಣಿಸುವ ನಾವು ‘ಕೃತ’ದ ಮಣಿಗಳನ್ನು ಮಾತ್ರ ಎಣಿಸಿ ಬಿಟ್ಟರೆ ಮೂರನೆಯ ಒಂದು ಪಾಲನ್ನಷ್ಟೇ ಎಣಿಸಿದಂತೆ. ಕಾರ್ತಿಕೇಯಾನುಪ್ರೇಕ್ಷೆಯಂತೂ ಸ್ಪಷ್ಟವಾಗಿದೆ: ನಿಶಿಭೋಜನದಿಂದ ವಿರತನಾದವನು ತಾನೂ ಉಣ್ಣನು, ಪರರಿಗೂ ಉಣಿಸನು.

ಇದಕ್ಕೆ ಸಮಾಧಾನಗಳಿಲ್ಲದಿಲ್ಲ. ಆ ವಿಧಿ ಆರನೆಯ ಪ್ರತಿಮೆಯನ್ನೇರಿದ ಶ್ರಾವಕನಿಗೆ ಸಂಬಂಧಿಸಿದ್ದು. ನನ್ನದು ಅಭ್ಯಾಸರೂಪದ ವ್ರತ. ಕೊಟ್ಟ ಮಾತಿಗೆ ತಪ್ಪಿದರೆ ಸತ್ಯಾಣುವ್ರತದ ಗತಿಯೇನು? ಹಸಿದ ಮಗುವನ್ನು ನಿಯಮದ ಹೆಸರಿನಲ್ಲಿ ಉಪವಾಸ ಕೆಡಹುವುದು ದಯೆಯೇ? ಈ ಮೂರನ್ನೂ ನಾನು ಆ ರಾತ್ರಿ ಹಾಸಿಗೆಯಲ್ಲಿ ನನಗೆ ನಾನೇ ಹೇಳಿಕೊಂಡೆ. ಮೂರೂ ಸುಳ್ಳಲ್ಲ. ಆದರೆ ಮೂರೂ ಹಣ ಕೊಟ್ಟ ಗಳಿಗೆಗೆ ಮಾತ್ರ ಉತ್ತರಿಸುತ್ತವೆ. ನನ್ನ ದೋಷವಿದ್ದದ್ದು ಅಲ್ಲಲ್ಲ, ಮಧ್ಯಾಹ್ನ ಒಂದು ಗಂಟೆಯಲ್ಲಿ. ಆಗಲೇ ಆನೆಗೊಂದಿಯಲ್ಲಿ ಮಗ, “ಅಪ್ಪಾ, ಹೊತ್ತಾದೀತೇನು?” ಎಂದು ಕೇಳಿದ್ದನು. ಹೊತ್ತಾಗುವುದೆಂದು ನನಗೆ ತಿಳಿದಿತ್ತು. ಮುದುಕನ ವ್ರತದಿಂದ ಮಕ್ಕಳ ಸಂತೋಷ ಕೆಟ್ಟಿತು ಎನಿಸಿಕೊಳ್ಳಬಾರದೆಂದು, “ಏನೂ ಆಗದು, ನೋಡಿಕೊಂಡು ಬರ್ರಿ” ಎಂದೆ. ಅದನ್ನು ನಾನು ಸೌಜನ್ಯವೆಂದು ಬಗೆದಿದ್ದೆ. ಪ್ರಮಾದಯೋಗದಿಂದಾದ ಪ್ರಾಣಹರಣವೇ ಹಿಂಸೆಯೆಂದು ನಲವತ್ತು ವರ್ಷ ಓದಿದವನು, ಆ ಪ್ರಮಾದ ಸೌಜನ್ಯದ ವೇಷದಲ್ಲಿ ಬಂದಾಗ ಗುರುತಿಸಲಿಲ್ಲ. ಒಳಗೊಂದು ತಿಳಿದು ಹೊರಗೊಂದು ಹೇಳುವುದು ಮಾಯಾಶಲ್ಯ, ಶಲ್ಯವಿಲ್ಲದವನೇ ವ್ರತಿ.

ಇನ್ನೊಂದನ್ನೂ ಒಪ್ಪಬೇಕು. ಎಲ್ಲರೂ ಉಣ್ಣುತ್ತಿರುವಾಗ ಕೈಕಟ್ಟಿ ಕುಳಿತಿದ್ದ ನನ್ನ ಮನಸ್ಸಿನಲ್ಲಿ ಸಣ್ಣದೊಂದು ಹಿಗ್ಗಿತ್ತು. ಸೊಸೆ ತಲೆಬಗ್ಗಿಸಿ ಅವಸರದಲ್ಲಿ ಉಂಡಳು. ಹಗಲಿನಲ್ಲಿ ಬಾಯಿಬಿಟ್ಟು ಹೇಳಿದ್ದರೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆವು, ಹೋಟೆಲಿನ ಊಟವನ್ನು ಮರುದಿನ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತಿದ್ದೆವು.

ನಾವು ವಾಸಿಸುವುದು ಶಾಸನಗಳು ಮಹಾತೀರ್ಥವೆಂದು ಕರೆದ ಕೊಪಣದಲ್ಲಿ. ಪಾಲ್ಕಿಗುಂಡಿನ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೆತ್ತಲಾಗಿದೆ. ಆಹಾರವನ್ನೇ ತ್ಯಜಿಸಿ ದೇಹ ಬಿಟ್ಟವರ ನೆನಪಿನ ನಿಷಿಧಿಗಳಿರುವ ಊರಿನಲ್ಲಿ ಎರಡು ಘಳಿಗೆಯ ಲೆಕ್ಕ ಹಿಡಿದು ಇಷ್ಟೊಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ನನ್ನಂಥ ಗೃಹಸ್ಥನಿಗೆ ಎದುರಾಗುವುದು ಆ ಎರಡು ಘಳಿಗೆಯೇ.

ಮುಂದಿನ ಚತುರ್ದಶಿಯಂದು ಪ್ರಾಯಶ್ಚಿತ್ತವಾಗಿ ಉಪವಾಸವಿದ್ದೆ. ಅದರಿಂದ ಪ್ರಶ್ನೆ ಮುಗಿಯಲಿಲ್ಲ. ಬರುವ ವೈಶಾಖದಲ್ಲಿ ಕಿರಿಯ ಮಗನ ಮದುವೆ. ಆರತಕ್ಷತೆಯ ಊಟ ರಾತ್ರಿ ಎಂಟಕ್ಕೆ ಇರಲಿ, ನೆಂಟರಿಷ್ಟರು ಕೆಲಸ ಮುಗಿಸಿ ಬರಬೇಕು ಎಂದು ಬೀಗರು ಹೇಳಿಕಳುಹಿಸಿದ್ದಾರೆ. ಅಲ್ಲಿ ಉಣಿಸುವವನು ನಾನೇ. ಆಮಂತ್ರಣಪತ್ರಿಕೆಯಲ್ಲಿ ಅಚ್ಚಾಗುವ ಹೆಸರೂ ನನ್ನದೇ. ಈ ಸಲ ಸುಮ್ಮನಿರದೆ, ಊಟ ಸಂಜೆ ನಾಲ್ಕೂವರೆಗೆ ಎಂದು ಬರೆದು ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ, ಪತ್ರಿಕೆಯೂ ಅಚ್ಚಿಗೆ ಹೋಗಿಲ್ಲ.