ಬೀದಿಯನ್ನು ಉತ್ತವರು

ಒಂದು ಬೀದಿಗೆ ಬೆಲೆ ಬರುವುದು ಯಾರಿಂದ? ಕಟ್ಟಡ ಕಟ್ಟಿಸಿದವರಿಂದಲೋ, ಅಂಗಡಿ ಇಟ್ಟವರಿಂದಲೋ, ಬಿಸಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರಿಂದಲೋ? ಹಳೆಯ ಪೇಟೆಗೆ ಹೊಸ ಜೀವ ತುಂಬಲು ಸರಕಾರ ಹಣ ಸುರಿಯುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

2015ರ ಜೂನ್‌ನಲ್ಲಿ ಕೇಂದ್ರ ಸರಕಾರ ಸ್ಮಾರ್ಟ್ ಸಿಟಿ ಯೋಜನೆಯನ್ನು ಆರಂಭಿಸಿತು. ದೇಶದ 100 ನಗರಗಳಲ್ಲಿ ನಮ್ಮ ರಾಜ್ಯದವು ಏಳು: ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಮತ್ತು ಬೆಂಗಳೂರು. ಕೇಂದ್ರದಿಂದ ನಗರವೊಂದಕ್ಕೆ ಸುಮಾರು 500 ಕೋಟಿ ರೂಪಾಯಿ. ರಾಜ್ಯ ಮತ್ತು ಸ್ಥಳೀಯ ಸಂಸ್ಥೆ ಸೇರಿ ಅಷ್ಟೇ ಹಣ ಕೂಡಿಸಬೇಕು. ಅದನ್ನು ಊರಿಗೆಲ್ಲ ಹಂಚುವಂತಿಲ್ಲ, ಬಹುಪಾಲು ಹಣವನ್ನು ಗುರುತಿಸಿದ ಒಂದು ಭಾಗಕ್ಕೇ ಹಾಕಬೇಕು. ಹಲವು ಊರುಗಳು ಹಳೆಯ ಪೇಟೆಯನ್ನೇ ಆರಿಸಿಕೊಂಡವು. 2025ರ ಮಾರ್ಚ್‌ಗೆ ಯೋಜನೆ ಮುಗಿಯಿತು.

ಆದ ಒಳ್ಳೆಯದನ್ನು ಇಲ್ಲವೆನ್ನಬಾರದು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ ಹಿಡಿದು ಪೇಟೆಗೆ ಹೋಗುವ ನಮಗೆ ಸಮನಾದ ಫುಟ್‌ಪಾತ್ ಎಷ್ಟು ದೊಡ್ಡದೆಂದು ಕಾರಿನಲ್ಲಿ ಓಡಾಡುವವರಿಗೆ ತಿಳಿಯದು. ಸಂಜೆ ದೀಪವಿದ್ದರೆ ಹೆಣ್ಣುಮಕ್ಕಳು ಧೈರ್ಯವಾಗಿ ನಡೆದು ಬರುತ್ತಾರೆ.

ಆದರೆ ಬೀದಿ ಚೆಂದವಾದ ಕೂಡಲೇ ಅದರ ಬೆಲೆಯೂ ಏರುತ್ತದೆ. ಏರಿದ ಬೆಲೆ ಸೇರುವುದು ಕಾಗದಪತ್ರ ಇದ್ದವರ ಕೈಗೆ. ಕಟ್ಟಡದ ಯಜಮಾನ ಬಾಡಿಗೆ ಏರಿಸುತ್ತಾನೆ. ಬಳೆ ಅಂಗಡಿಯವನಿಗೆ ಅದು ಹೊರೆ. ಕಾಗದವೇ ಇಲ್ಲದ ಹೂವಿನವಳಿಗೆ ಕೂರುವ ಜಾಗವೇ ಅನುಮಾನ. ನಾನು ಹಬ್ಬಕ್ಕೆ ಕನಕಾಂಬರ ಕೊಳ್ಳುವ ಹೆಂಗಸು ಒಮ್ಮೆ, "ರಸ್ತೆ ಚೆಂದ ಆಯ್ತಕ್ಕಾ, ಇನ್ನು ನಾವು ಎಲ್ಲಿ ಕೂರೋದು?" ಎಂದು ಕೇಳಿದಳು. ಯೋಜನೆಯ ನಕ್ಷೆಯಲ್ಲಿ ಮರಕ್ಕೂ ಬೆಂಚಿಗೂ ಗುರುತು ಹಾಕುತ್ತಾರೆ, ಅವಳ ಬುಟ್ಟಿಗೆ?

ಯಜಮಾನನದು ತಪ್ಪೇ? ಹಾಗೆನ್ನಲಾರೆ. ಅವನು ಕಂದಾಯ ಕಟ್ಟಿದ್ದಾನೆ, ಸೋರುವ ಹಂಚು ರಿಪೇರಿ ಮಾಡಿಸಿದ್ದಾನೆ. ಆದರೆ ಹಳೆಯ ಪೇಟೆ ಪೇಟೆಯಾಗಿ ಉಳಿದದ್ದು ಗೋಡೆಗಳಿಂದಷ್ಟೇ ಅಲ್ಲ. ಹೂವು, ವೀಳ್ಯದೆಲೆ, ನಿಂಬೆಹಣ್ಣಿಗೆಂದು ಬಂದ ನಾವು ಹಾಗೆಯೇ ಬಟ್ಟೆ ಅಂಗಡಿಗೂ ಪಾತ್ರೆ ಅಂಗಡಿಗೂ ಹೋದೆವು. ಬೀದಿಗೆ ಜನರನ್ನು ಕರೆತಂದವರಲ್ಲಿ ಬುಟ್ಟಿಯವರೂ ಇದ್ದಾರೆ.

ಇದು ಹೊಸ ವಿಚಾರವಲ್ಲ. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ 'ಉಳುವವನೇ ಹೊಲದೊಡೆಯ' ಎಂದಾಗ ನಮ್ಮ ನಾಡು ಒಪ್ಪಿದ್ದು ಇದನ್ನೇ: ದುಡಿಮೆಗೂ ಹಕ್ಕು ಹುಟ್ಟುತ್ತದೆ. ಬೀದಿ ಹೊಲವಲ್ಲ, ಅದು ಎಲ್ಲರದು, ನಿಜ. ಹೂವಿನವಳು ಒಡೆತನವನ್ನೂ ಕೇಳುತ್ತಿಲ್ಲ. ಕೂತ ಜಾಗದಿಂದ ಎಬ್ಬಿಸಬೇಡಿ ಎನ್ನುತ್ತಾಳೆ, ಅಷ್ಟೆ.

ಆ ಮಾತಿಗೆ ಕಾನೂನಿನ ಬೆಂಬಲವೂ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಊರಿನ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರು. 50 ವರ್ಷಕ್ಕೂ ಹೆಚ್ಚು ಕಾಲದಿಂದ ತಾನಾಗಿ ನಡೆದುಬಂದ ಸಂತೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎಂದೂ ಅದರಲ್ಲಿದೆ.

ಕಾನೂನು ಪುಸ್ತಕದಲ್ಲಿದ್ದರೆ ಹೊಟ್ಟೆ ತುಂಬುವುದಿಲ್ಲ. ನಿಮ್ಮ ಊರಿನ ಪೇಟೆಬೀದಿಗೆ ಹೊಸ ಕಲ್ಲು ಹಾಸುವಾಗ, ಅಲ್ಲಿ ಕೂರುತ್ತಿದ್ದವರ ಪಟ್ಟಿ ಮಾಡಿದ್ದೀರಾ ಎಂದು ನಗರಸಭೆಯ ಸದಸ್ಯರನ್ನು ಕೇಳಿ. ಕೊಳ್ಳುವವರು ನಾವು, ಕೇಳುವ ಹಕ್ಕು ನಮಗೂ ಇದೆ. ಎಲ್ಲರ ತೆರಿಗೆ ಹಣದಿಂದ ಬೆಳಗಿದ ಬೀದಿಯಲ್ಲಿ ಒಂದು ಬುಟ್ಟಿಯಷ್ಟು ಜಾಗ ಕೊಡುವುದು ದಾನವಲ್ಲ, ಬಾಕಿ ತೀರಿಸುವುದು.