ತೋರಿಕೆಯ ಮೊಳೆ

ಮಡಚಲಾಗದ ಚಾಕು ಕೊಳ್ಳುವವರು ಮೊದಲು ಕೇಳೋದು: ಅಲಗಿನ ಉಕ್ಕು ಹಿಡಿಯ ತುದಿವರೆಗೂ ಇದೆಯಾ? ಸ್ವೀಡನ್ನಿನ ಮೊರಾದಲ್ಲಿ 1891ರಲ್ಲಿ ಬೇರು ಬಿಟ್ಟ ಮೊರಾಕ್ನಿವ್ ಕಂಪನಿಯ ‘ಕಂಪ್ಯಾನಿಯನ್’ ಚಾಕುವಿನಲ್ಲಿ ಇಲ್ಲ. ಅಲಗು 2.5 ಮಿ.ಮೀ. ದಪ್ಪ, ಹಿಡಿ ಪ್ಲಾಸ್ಟಿಕ್ಕು. ಅದೇ ಕಂಪನಿಯ ‘ಗಾರ್ಬರ್ಗ್’ನಲ್ಲಿ ಉಕ್ಕು 3.2 ಮಿ.ಮೀ., ತುದಿವರೆಗೂ ಇದೆ. ಬೆಲೆ ಹಲವು ಪಟ್ಟು ಜಾಸ್ತಿ.

ಹಾಗಾದರೆ ಅಗ್ಗದ್ದು ಮೋಸವಾ? ನನಗೆ ಹಾಗನ್ನಿಸೋದಿಲ್ಲ. ಕಡ್ಡಿ ಕೆತ್ತೋಕೆ, ಹಗ್ಗ ಕೊಯ್ಯೋಕೆ ಅಷ್ಟು ಸಾಕು. ತೆಳು ಅಲಗು ಇನ್ನೂ ಸಲೀಸಾಗಿ ಕೊಯ್ಯುತ್ತೆ. ಸೌದೆಯ ಮೇಲಿಟ್ಟು ದೊಣ್ಣೆಯಿಂದ ಬಡಿದು ಸೀಳುವವನಿಗೆ ಮಾತ್ರ ಆ ಉಳಿದ ಉಕ್ಕು ಬೇಕು.

ನಮ್ಮೂರ ಕಮ್ಮಾರರು ಲಾರಿ ಪಟ್ಟಿಯಿಂದ ಮಚ್ಚು ಬಡಿಯುವ ಮೊದಲು, ‘ಏನು ಕಡೀತೀಯಪ್ಪ?’ ಅಂತ ಕೇಳ್ತಿದ್ರು. ಕಾರ್ಖಾನೆ ಹಾಗೆ ಕೇಳಲಾರದು. ಆದ್ದರಿಂದ ತನ್ನ ಚಾಕು ಏನು ಮಾಡಲಾರದು ಅನ್ನೋದನ್ನ ಅದೇ ಹೇಳಬೇಕು. ತನ್ನ ಕೆಲಸ ಯಾವುದು ಅನ್ನೋದು ಕೊಳ್ಳುವವನಿಗೆ ಗೊತ್ತಿರಬೇಕು.

ಮೋಸ ಇರೋದು ಬೇರೆ ಕಡೆ: ಒಳಗೆ ಗಿಡ್ಡ ಉಕ್ಕು, ಹೊರಗೆ ಏನನ್ನೂ ಹಿಡಿದಿಡದ ಮೂರು ತೋರಿಕೆಯ ಮೊಳೆ. ಡೆಮೋದಲ್ಲಿ ಮಾತ್ರ ಓಡುವ ಸಾಫ್ಟ್‌ವೇರ್ ಮಾರುವ ನಮ್ಮಂಥವರಿಗೆ ಈ ಮೊಳೆಗಳು ಚೆನ್ನಾಗೇ ಗೊತ್ತು. ಕೈ ಕುಯ್ಯೋದು ಅದನ್ನು ನಂಬಿದವನದ್ದು.