ಮೂಕಪ್ರಾಣಿಯ ಬೆನ್ನಿನ ಹೊರೆ

ಹೊಟ್ಟೆಯ ಪಾಡಿಗಾಗಿ ಪ್ರಾಣಿಯ ಬೆನ್ನಿಗೆ ಹೊರೆ ಹೇರುವುದು ಒಂದು. ವಿಹಾರಕ್ಕಾಗಿ ಹೇರುವುದು ಇನ್ನೊಂದು. ಇವೆರಡೂ ಧರ್ಮದ ತಕ್ಕಡಿಯಲ್ಲಿ ಸಮನಾಗಿ ತೂಗುವುವೆ?

ಹುಮನಾಬಾದು, ಬಸವಕಲ್ಯಾಣಗಳ ಸೀಮೆಗೆ ಹೇರು ಹೊಸತಲ್ಲ. ಇಲ್ಲಿನ ತಾಂಡಾಗಳ ಲಂಬಾಣಿಗರ ಪೂರ್ವಿಕರು ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದಖ್ಖಣವನ್ನೆಲ್ಲ ತಿರುಗಿದವರು. ಮೊಗಲರ ದಂಡುಗಳು ಉಂಡುದು ಆ ಧಾನ್ಯವನ್ನೇ. 19ನೆಯ ಶತಮಾನದಲ್ಲಿ ರೈಲೂ ಗಾಡಿರಸ್ತೆಯೂ ಬಂದು ಆ ವೃತ್ತಿ ಅಳಿಯಿತು. ಹಿಮಾಲಯದಲ್ಲಿ ಎತ್ತು ಏರಲಾರದ ಕಣಿವೆಗಳಿಗೆ ಭೋಟಿಯಾ ವರ್ತಕರು ಆಡುಕುರಿಗಳನ್ನೇ ಹೂಡಿದರು. ಚಿಕ್ಕ ಚೀಲಗಳಲ್ಲಿ ಧಾನ್ಯ ಮೇಲಕ್ಕೆ ಹೋಗುತ್ತಿತ್ತು, ತಿಬೇಟಿನ ಉಪ್ಪು ಕೆಳಕ್ಕೆ ಬರುತ್ತಿತ್ತು. 1962ರ ಯುದ್ಧದೊಡನೆ ಆ ದಾರಿ ಮುಚ್ಚಿತು. ಇವರಾರೂ ವಿನೋದಕ್ಕಾಗಿ ಹೊರಟವರಲ್ಲ.

ಅಮೆರಿಕೆಯಲ್ಲಿಯಾದರೋ, 1970ರ ದಶಕದಿಂದೀಚೆಗೆ, ಬೆಟ್ಟ ಸುತ್ತಲು ಹೋಗುವವರ ಹಾಸಿಗೆ ಪಾತ್ರೆಗಳನ್ನು ಹೊರಲು ಆಡನ್ನು ಪಳಗಿಸುವ ರೂಢಿ ಬೆಳೆದಿದೆ. ಬೀಜ ಒಡೆದ ಹೋತವನ್ನು ಮರಿಯಿಂದಲೇ ಮನುಷ್ಯನ ಹಿಂದೆ ನಡೆಯಲು ಕಲಿಸುವರು. ಮೂರು ನಾಲ್ಕು ವರ್ಷ ತುಂಬುವವರೆಗೆ ಪೂರ್ಣ ಹೊರೆ ಹೇರುವುದಿಲ್ಲ. ಅನಂತರವೂ ಅದರ ಮೈತೂಕದ ಕಾಲುಭಾಗವೇ ಮಿತಿ.

ಇದರಲ್ಲಿ ದೋಷವೇನೆಂದು ಕೇಳುವವರುಂಟು. ಹೊರೆಯ ಕೆಲಸವಿಲ್ಲದಿದ್ದರೆ ಆ ಹೋತವು ಎಳವೆಯಲ್ಲಿಯೇ ಕತ್ತಿಗೆ ಬೀಳುತ್ತಿತ್ತು. ಈಗ ಆಯುಸ್ಸು ತುಂಬ ಬಾಳುತ್ತದೆ ಎಂಬುದು ಅವರ ವಾದ. ವಾದ ಇಂಪಾಗಿದೆ, ಆದರೆ ಕುಂಟು. ಮನೆಗೆ ಬೆಂಕಿಯಿಡಲಿಲ್ಲವೆಂಬ ಕಾರಣಕ್ಕೆ ಸಾಹುಕಾರನು ಸಾಲಗಾರನಿಂದ ಇಮ್ಮಡಿ ಬಡ್ಡಿ ಕೇಳಲು ಬರುವುದೆ?

ಮತ್ತೆ ಕೆಲವರು ಕಾಯಕದ ಮಾತನ್ನು ತರುವರು. 12ನೆಯ ಶತಮಾನದ ಶರಣರು ದುಡಿಮೆಯನ್ನು ಪೂಜೆಯ ಪದವಿಗೆ ಏರಿಸಿದ್ದು ಕಲ್ಯಾಣದಲ್ಲಿಯೇ ಅಲ್ಲವೆ, ಪಶುವಿನ ದುಡಿಮೆಯೂ ಅದರ ಕಾಯಕವೇ ಎನ್ನುವರು. ಆದರೆ ಕಾಯಕವೆಂಬುದು ಅರಿತು ಕೈಕೊಂಡವನದು. ಅನ್ಯನು ಬೆನ್ನಿಗೆ ಕಟ್ಟಿದುದಕ್ಕೆ ಆ ಹೆಸರು ಸಲ್ಲದು.

ಅದೇ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ಅಲ್ಲಿ ಪಶುವಿನ ಒಡೆಯನಿಗೂ ಕಾಯುವವನಿಗೂ ಹುಟ್ಟುವ ವ್ಯಾಜ್ಯಕ್ಕೆ ಒಂದು ಪ್ರಕರಣವೇ ಇದೆ. ಗೋಪಾಲನ ಅಜಾಗ್ರತೆಯಿಂದ ಪಶು ನಷ್ಟವಾದರೆ ಅವನು ಒಡೆಯನಿಗೆ ತೆರಬೇಕು. ಒಡೆಯನು ವಾದಿ, ಗೋಪಾಲನು ಪ್ರತಿವಾದಿ. ಪಶುವೋ ವ್ಯಾಜ್ಯದ ವಸ್ತು ಮಾತ್ರ. ನಷ್ಟ ಯಾರದೆಂದು ಕೇಳುವರು, ನೋವು ಯಾರದೆಂದು ಕೇಳುವವರಿಲ್ಲ. ಸ್ವತಂತ್ರ ಭಾರತದ 1960ರ ಪ್ರಾಣಿಹಿಂಸಾ ನಿವಾರಣಾ ಶಾಸನವೂ ಅದರಡಿಯ 1965ರ ನಿಯಮಗಳೂ ಈ ಕೊರತೆಯನ್ನು ಸ್ವಲ್ಪ ತುಂಬಿವೆ. ಕತ್ತೆಗೆ 50 ಕಿಲೋಗ್ರಾಂ, ತಟ್ಟುವಿಗೆ 70, ಹೇಸರಗತ್ತೆಗೆ 200. ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು. ಬಿಸಿಲು 37 ಡಿಗ್ರಿ ಮೀರುವೆಡೆ ಹಗಲು 12ರಿಂದ 3ರವರೆಗೆ ಹೊರೆಯೇ ಕೂಡದು. (ಹುಮನಾಬಾದಿನ ವೈಶಾಖದಲ್ಲಿ ಈ ನಿಯಮವನ್ನು ನೆನೆಯುವ ಕತ್ತೆಯೊಡೆಯರು ಎಷ್ಟು ಮಂದಿಯೋ!) ಆ ಪಟ್ಟಿಯಲ್ಲಿ ಆಡಿನ ಹೆಸರಿಲ್ಲ. ಆದುದರಿಂದ ಆಡಿನ ವಿಷಯದಲ್ಲಿ ತೂಕವನ್ನು ಗೊತ್ತುಮಾಡುವ ಹೊಣೆಯೆಲ್ಲ ಹಗ್ಗ ಹಿಡಿದವನ ಮೇಲೆಯೇ ಬಿದ್ದಿದೆ.

ಹಾಗೆಂದು ವಿಹಾರಿಯೇ ಕ್ರೂರನು, ಬಡವನು ನಿರ್ದೋಷಿ ಎನ್ನಲಾಗದು. ಅನುಭವವು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಇಟ್ಟಿಗೆ ಹೊರಿಸುವವನು ಕತ್ತೆಯ ಹೊರೆ ಇಳಿಸಿದರೆ ಅವನ ಮನೆಯ ರೊಟ್ಟಿಯೂ ಇಳಿಯುತ್ತದೆ, ಅವನು ಬಡಿಗೆಯನ್ನೆತ್ತುವನು. ಆ ಪಾಪದಲ್ಲಿ ಇಟ್ಟಿಗೆಯ ಬೆಲೆಯನ್ನು ಜಗ್ಗಾಡಿ ಇಳಿಸಿದ ಗೃಹಸ್ಥನಿಗೂ ಪಾಲುಂಟು, ಅವನು ಬಡಿಗೆಯನ್ನು ಮುಟ್ಟದಿದ್ದರೂ. ವಿಹಾರಿಗೆ ಇಂಥ ನೆವವೇ ಇಲ್ಲ. ಅವನು ಹೇರಿದ ಪ್ರತಿಯೊಂದು ವಸ್ತುವೂ ಮನೆಯಲ್ಲಿ ಬಿಟ್ಟುಬರಬಹುದಾಗಿದ್ದುದು, ಇಲ್ಲವೆ ತಾನೇ ಹೊರಬಹುದಾಗಿದ್ದುದು. ಕಾಲುಭಾಗದ ಲೆಕ್ಕ ಅವನಿಗೆ ಎರಡನೆಯ ಪ್ರಶ್ನೆ. ಈ ವಸ್ತು ಬೇಕೆ ಎಂಬುದು ಮೊದಲನೆಯದು.

ಆಡಿಗೆ ಮಾತಿಲ್ಲವೆನ್ನುವುದೂ ಪೂರ್ಣ ಸತ್ಯವಲ್ಲ. ದಣಿದರೆ ಅದು ದಾರಿಯಲ್ಲಿಯೇ ಮಲಗಿಬಿಡುತ್ತದೆ. ಅದನ್ನು ಹಟವೆಂದು ತಿಳಿದು ಹಗ್ಗ ಜಗ್ಗುವವರೂ ಉಂಟು. ಚೀಲವನ್ನು ಬಿಚ್ಚಿ ಅರ್ಧವನ್ನು ತಮ್ಮ ಹೆಗಲಿಗೇರಿಸಿಕೊಳ್ಳುವವರೂ ಉಂಟು.